‘ಥ’ದ ಚುಕ್ಕಿ ಕಾಣದ ಪರದೆ

ಪ್ರಶ್ನೆ: ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅಕ್ಕಿ ಚೀಲದ ಲೇಬಲ್ ಮಾಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಉಬುಂಟು 24.04 ಲಿನಕ್ಸ್ ಇದೆ, ಇಂಟೆಲ್ ಗ್ರಾಫಿಕ್ಸ್. ಒಂದೆರಡು ಅಕ್ಷರ ಒತ್ತಿದರೆ ಪೂರ್ತಿ ಸಾಲು ಹಾಕಿಕೊಡುವ ಆಟೋಕೀ ಬೇಕು ಅಂತ, ಪರದೆ ತೋರಿಸುವ ಹಳೆಯ ವ್ಯವಸ್ಥೆಯಾದ ಕ್ಸಾರ್ಗ್‌ನಲ್ಲೇ ಲಾಗಿನ್ ಆಗುತ್ತೇನೆ. ಈಗ 27 ಇಂಚಿನ 4ಕೆ ಮಾನಿಟರ್ ತಂದಿದ್ದೇನೆ. ಅದರಲ್ಲಿ ಅಕ್ಷರ ಇರುವೆ ಸಾಲಿನಂತೆ ಕಾಣುತ್ತವೆ. ಅಳತೆ ಹೊಂದಿಸಲು ಹೋದರೆ ಮಸುಕು. ಕ್ಸಾರ್ಗ್ ಬಿಟ್ಟು ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ಗೆ ಹೋಗಿ ಅಂತಾರೆ. ಲಗ್ನದ ಸೀಸನ್ ಹತ್ತಿರ ಬಂತು. ಹೋಗಲಾ, ಬೇಡವಾ?
— ಹೆಸರು ಬೇಡ, ಗಂಗಾವತಿ

ಉತ್ತರ: ಹೋಗಿ. ಸೀಸನ್ ಶುರುವಾಗುವ ಮುಂಚೆಯೇ ಹೋಗಿ.

ಮಸುಕು ಪರದೆ ಎಷ್ಟು ದುಬಾರಿ ಅಂತ ನನಗೆ ಗೊತ್ತು. ಬಳ್ಳಾರಿಯಲ್ಲಿ ನಾನೂ ಇದೇ ಕೆಲಸ ಮಾಡುತ್ತೇನೆ. ಒಮ್ಮೆ ‘ಪ್ರಾರ್ಥಿಸುವ’ ಅನ್ನುವುದು ‘ಪ್ರಾರ್ಧಿಸುವ’ ಅಂತ ಅಚ್ಚಾಗಿ 500 ಪತ್ರಿಕೆ ಮತ್ತೆ ಹಾಕಿಸಬೇಕಾಯಿತು. ‘ಥ’ ಮತ್ತು ‘ಧ’ ಎರಡಕ್ಕೂ ಕೆಳಗೆ ಸೀಳಿದೆ. ‘ಥ’ದ ಹೊಟ್ಟೆಯಲ್ಲಿ ಚುಕ್ಕಿ ಇದೆ, ಅಷ್ಟೇ ವ್ಯತ್ಯಾಸ. ಪರದೆ ಮಸುಕಾದರೆ ಮೊದಲು ಹೋಗುವುದು ಆ ಚುಕ್ಕಿ. ಎರಡು ಸಲ ಪ್ರೂಫ್ ನೋಡಿದರೂ ನನ್ನ ಕಣ್ಣಿಗೆ ಬೀಳಲಿಲ್ಲ.

ನಿಮ್ಮ ಮಾನಿಟರ್ ಕೆಟ್ಟದ್ದಲ್ಲ. ಕ್ಸಾರ್ಗ್ ನಡೆಯುವುದು ಎಕ್ಸ್11 (ಚಿಕ್ಕದಾಗಿ ಎಕ್ಸ್) ಅನ್ನುವ ಪದ್ಧತಿಯಲ್ಲಿ, ಅದು ಬಂದದ್ದು 1987ರಲ್ಲಿ. ಅದು ಎಲ್ಲ ಪರದೆಗಳನ್ನೂ ಸೇರಿಸಿ ಒಂದೇ ದೊಡ್ಡ ಹಾಸು ಅಂತ ನೋಡುತ್ತದೆ. ಲ್ಯಾಪ್‌ಟಾಪಿಗೆ 100, ಮಾನಿಟರಿಗೆ 200 ಪರ್ಸೆಂಟ್ ಅಂದರೆ ಚಿತ್ರವನ್ನೇ ಹಿಗ್ಗಿಸಿ ಕುಗ್ಗಿಸಿ ಹೊಂದಿಸಬೇಕಾಗುತ್ತದೆ. 2008ರಲ್ಲಿ ಶುರುವಾದ ವೇಲ್ಯಾಂಡ್‌ನಲ್ಲಿ ಒಂದೊಂದು ಪರದೆಗೂ ಅದರದೇ ಅಳತೆ. ನಿಮ್ಮ ತೊಂದರೆಗೆ ಇದೇ ಔಷಧಿ. ಎಕ್ಸ್‌ಗಾಗಿ ಬರೆದ ಹಳೆಯ ಪ್ರೋಗ್ರಾಂಗಳು ವೇಲ್ಯಾಂಡ್‌ನಲ್ಲಿ ಎಕ್ಸ್‌ವೇಲ್ಯಾಂಡ್ ಅನ್ನುವ ಸೇತುವೆಯ ಮೂಲಕ ಓಡುತ್ತವೆ. ಅವು ಮಾತ್ರ ದೊಡ್ಡ ಪರದೆಯಲ್ಲಿ ಸ್ವಲ್ಪ ಮಸುಕಾಗಬಹುದು.

ಇನ್ನು ಆಟೋಕೀ. ನಿಮ್ಮಲ್ಲಿರುವುದು ವೇಲ್ಯಾಂಡ್‌ನಲ್ಲಿ ನಡೆಯುವುದಿಲ್ಲ. ‘ಹು’ ಅಂತ ಒತ್ತಿದರೆ ‘ಶ್ರೀ ಹುಲಿಗೆಮ್ಮ ದೇವಿ ಪ್ರಸನ್ನ’ ಅಂತ ಬರಬೇಕಾದರೆ, ನೀವು ಬೇರೆ ಕಿಟಕಿಯಲ್ಲಿ ಒತ್ತುವ ಪ್ರತಿ ಕೀಲಿಯನ್ನೂ ಆಟೋಕೀ ಕೇಳಿಸಿಕೊಳ್ಳಬೇಕು. ಎಕ್ಸ್ ಅದನ್ನು ಯಾವ ಪ್ರೋಗ್ರಾಂಗೆ ಬೇಕಾದರೂ ಬಿಟ್ಟುಕೊಡುತ್ತದೆ. ನೀವು ಬ್ಯಾಂಕಿನ ಪಾಸ್‌ವರ್ಡ್ ಹಾಕುವಾಗಲೂ ಅಷ್ಟೇ! ವೇಲ್ಯಾಂಡ್ ಬಿಡುವುದಿಲ್ಲ. ಗಿರಾಕಿಗಳ ಪೆನ್‌ಡ್ರೈವ್ ದಿನಕ್ಕೆ ಹತ್ತು ಸಲ ಚುಚ್ಚುವ ನಮ್ಮಂಥವರಿಗೆ ಈ ಬಿಗಿ ಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಂತ ಆ ಸಾಲನ್ನು ಪ್ರತಿ ಸಲ ಕೈಯಲ್ಲಿ ಹೊಡೆಯಬೇಕಿಲ್ಲ. ಲಿಬ್ರೆ ಆಫೀಸ್ ರೈಟರ್‌ನಲ್ಲಿ ಆಟೋಟೆಕ್ಸ್ಟ್ ಇದೆ. ಸಾಲನ್ನು ಒಮ್ಮೆ ಸೇರಿಸಿಡಿ. ಆಮೇಲೆ ಗುರುತಿನ ಅಕ್ಷರ ಹೊಡೆದು ಎಫ್3 ಒತ್ತಿದರೆ ಪೂರ್ತಿ ಸಾಲು ಬರುತ್ತದೆ. ಡಿಸೈನ್ ಮಾಡುವ ಇಂಕ್‌ಸ್ಕೇಪ್‌ನಲ್ಲಿ ಇದಿಲ್ಲ, ರೈಟರ್‌ನಿಂದ ಕಾಪಿ ಮಾಡಿಕೊಳ್ಳಬೇಕು. ಇಷ್ಟು ಕೆಲಸ ಜಾಸ್ತಿ ಆಗುತ್ತದೆ, ನಿಜ. ಕನ್ನಡ ಟೈಪಿಂಗ್‌ಗೆ ಹೆದರಬೇಡಿ, ಉಬುಂಟುವಿನ ಟೈಪಿಂಗ್ ಸಾಧನವಾದ ಐಬಸ್‌ನ ಕಗಪ ಕೀಲಿಮಣೆ ಹಾಗೇ ನಡೆಯುತ್ತದೆ.

ಬದಲಾಯಿಸಲು ಏನನ್ನೂ ಹೊಸದಾಗಿ ಹಾಕಬೇಕಿಲ್ಲ. ಲಾಗಿನ್ ಪರದೆಯಲ್ಲಿ ಹೆಸರು ಒತ್ತಿದ ಮೇಲೆ ಕೆಳಗೆ ಬಲಗಡೆ ಹಲ್ಲಿನ ಚಕ್ರ ಬರುತ್ತದೆ. ಅಲ್ಲಿ ‘ಉಬುಂಟು ಆನ್ ಕ್ಸಾರ್ಗ್’ ಬದಲು ಬರೀ ‘ಉಬುಂಟು’ ಆರಿಸಿ. ಹಳೆಯ ಲಗ್ನಪತ್ರಿಕೆಯ ಒಂದು ಫೈಲು ತೆರೆಯಿರಿ, ತಿದ್ದಿ, ಪಿಡಿಎಫ್ ಮಾಡಿ, ಪ್ರಿಂಟ್ ತೆಗೆಯಿರಿ. ಒಂದು ವಾರ ಹೀಗೇ ನಡೆಸಿ. ಅರ್ಜೆಂಟ್ ಕೆಲಸದ ನಡುವೆ ಏನಾದರೂ ಕೈಕೊಟ್ಟರೆ ಲಾಗೌಟ್ ಆಗಿ ಅದೇ ಚಕ್ರದಿಂದ ಕ್ಸಾರ್ಗ್‌ಗೆ ಮರಳಿ. 25.10ರಿಂದ ಉಬುಂಟು ಆ ಆಯ್ಕೆಯನ್ನೇ ತೆಗೆದಿದೆ, ಆದರೆ ನಿಮ್ಮ 24.04ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಅಲ್ಲಿಯವರೆಗೆ ಎರಡು ಬಾಗಿಲೂ ತೆರೆದಿರುತ್ತವೆ.