1991ರ ಆಗಸ್ಟ್ ದಂಗೆ ನಡೆಯದೆಯೂ ಸೋವಿಯತ್ ಒಕ್ಕೂಟ ಒಡೆದು, 2010ರ ಹೊತ್ತಿಗೆ ಹದಿನೈದೂ ಗಣರಾಜ್ಯಗಳು ಮತ್ತೆ ಒಂದಾಗುವ ಕಾದಂಬರಿ ಬರೆದರೆ ನಂಬುವಂತಿರುತ್ತದೆಯೇ?

ಒಡೆಯುವ ಭಾಗ ನಂಬುವಂತಿದೆ. ಒಂದಾಗುವುದನ್ನು ಮಾತ್ರ ನೀವು ತಪ್ಪು ಕಾಲಕ್ಕೆ ಇಟ್ಟಿದ್ದೀರಿ. 2010 ತೀರಾ ತಡ. 1993ರ ನವೆಂಬರ್‌ಗಿಂತ ಮುಂಚೆ, ಅದೂ ಐದಾರು ಗಣರಾಜ್ಯಗಳು ಮಾತ್ರ ಎಂದರೆ ಕಥೆಗೆ ಕಾಲೂರಲು ಜಾಗ ಸಿಗುತ್ತದೆ.

ಮೊದಲು ಕವಲಿನ ವಿಚಾರ, ಅಂದರೆ ಕಥೆ ನಿಜವಾದ ಇತಿಹಾಸದಿಂದ ಬೇರೆಯಾಗುವ ಜಾಗ. ಪರ್ಯಾಯ ಇತಿಹಾಸ ಬರೆಯುವವರಲ್ಲಿ ಹೆಚ್ಚಿನವರು ಆಗಸ್ಟ್ 19ಕ್ಕೇ ಹೋಗಿ ಕೂರುತ್ತಾರೆ: ಸೋವಿಯತ್ ಅಧ್ಯಕ್ಷ ಗೊರ್ಬಚೇವ್ ಕ್ರಿಮಿಯಾದ ಫೋರೋಸ್‌ನಲ್ಲಿ ಬಂಧಿ, ಮಾಸ್ಕೋದಲ್ಲಿ ಎಂಟು ಜನರ ತುರ್ತು ಸಮಿತಿ, ಬೀದಿಯಲ್ಲಿ ಟ್ಯಾಂಕು. ಮರುದಿನ, ಗಣರಾಜ್ಯಗಳಿಗೆ ಹೆಚ್ಚು ಅಧಿಕಾರ ಕೊಡುವ ಹೊಸ ಒಕ್ಕೂಟ ಒಪ್ಪಂದಕ್ಕೆ ಸಹಿ ಬೀಳುವುದನ್ನು ತಡೆಯಲೆಂದೇ ಆ ದಂಗೆ. ಹಾಗಾಗಿ ದಂಗೆಯನ್ನು ತೆಗೆದರೆ ಒಪ್ಪಂದವೂ ಉಳಿಯಿತು, ದೇಶವೂ ಉಳಿಯಿತು ಎಂಬ ಲೆಕ್ಕ. ಆದರೆ ಆ ಕರಡಿನ ಮಾತುಕತೆಗೆ ಬಂದಿದ್ದೇ ಹದಿನೈದರಲ್ಲಿ ಒಂಬತ್ತು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ, ಜಾರ್ಜಿಯಾ, ಆರ್ಮೇನಿಯಾ, ಮಾಲ್ಡೋವಾ ಆಗಲೇ ಹೊರಗಿದ್ದವು. ಒಂಬತ್ತರಲ್ಲೂ ಮೊದಲ ದಿನ ಸಹಿಗೆ ತಯಾರಿದ್ದವು ರಷ್ಯಾ, ಕಜಕಸ್ತಾನ, ಉಜ್ಬೇಕಿಸ್ತಾನದಂಥ ಕೆಲವು. ಐದು ಕೋಟಿ ಜನರ ಉಕ್ರೇನ್ ನಿರ್ಧಾರವನ್ನು ಮುಂದೂಡಿ ಕೂತಿತ್ತು. ಇದೆಲ್ಲಕ್ಕಿಂತ ದೊಡ್ಡ ತೂತು ಇನ್ನೊಂದಿತ್ತು: ಕೇಂದ್ರದ ತೆರಿಗೆ ಎಷ್ಟು ಎಂಬುದಕ್ಕೆ ಗಣರಾಜ್ಯಗಳ ಒಪ್ಪಿಗೆ ಬೇಕು ಎಂದು ಕರಡು ಹೇಳುತ್ತಿತ್ತು. ಸೈನ್ಯ ಕೇಂದ್ರದ್ದು, ಅದಕ್ಕೆ ಸಂಬಳ ಕೊಡುವ ದುಡ್ಡಿನ ಕೀಲಿಕೈ ಗಣರಾಜ್ಯಗಳದ್ದು. ಇಂಥ ಒಕ್ಕೂಟ ದಂಗೆಯಿಲ್ಲದೆಯೂ ಸೋರಿ ಖಾಲಿಯಾಗುತ್ತದೆ. ನಿಮ್ಮ ಮೊದಲರ್ಧಕ್ಕೆ ಇಷ್ಟು ಸಾಕು.

"ಮಾರ್ಚ್ 17ರ ಜನಮತಗಣನೆಯಲ್ಲಿ ಶೇ 76 ಜನ ಒಕ್ಕೂಟ ಬೇಕು ಅಂದಿದ್ದರಲ್ಲ?" ಎಂದು ಓದುಗರಲ್ಲಿ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಆ ಆರು ಗಣರಾಜ್ಯಗಳ ಸರ್ಕಾರಗಳು ಅದನ್ನು ಬಹಿಷ್ಕರಿಸಿದ್ದವು. ಉಕ್ರೇನಿನಲ್ಲಿ ಅದೇ ದಿನ ಇನ್ನೊಂದು ಪ್ರಶ್ನೆಯೂ ಇತ್ತು: ಒಕ್ಕೂಟದಲ್ಲಿರುವುದಾದರೂ ನಮ್ಮ ಸಾರ್ವಭೌಮತ್ವದ ಘೋಷಣೆಯ ಆಧಾರದ ಮೇಲೆ ಇರೋಣವೇ ಎಂದು. ಮೊದಲನೆಯದಕ್ಕೆ ಸುಮಾರು ಶೇ 70 ಹೌದು ಬಂದರೆ ಇದಕ್ಕೆ ಶೇ 80 ಬಂತು. ಡಿಸೆಂಬರ್ 1ರಂದು ಪೂರ್ಣ ಸ್ವಾತಂತ್ರ್ಯಕ್ಕೆ ಶೇ 90. ಅಂದರೆ ಮಾರ್ಚ್‌ನ 'ಹೌದು' ಷರತ್ತಿನ ಹೌದು. ಅದರ ಮೇಲೆ ಕಥೆ ಕಟ್ಟಬೇಡಿ.

ಒಕ್ಕೂಟ ನಿಜವಾಗಿ ಅಲುಗಾಡಿದ ಜಾಗ ಬೇಕಿದ್ದರೆ 1990ರ ಮೇ 29ಕ್ಕೆ ಹೋಗಿ. ಅಂದು ಗೊರ್ಬಚೇವ್ ಅವರ ಎದುರಾಳಿ ಯೆಲ್ತ್ಸಿನ್ ರಷ್ಯಾ ಗಣರಾಜ್ಯದ ಸುಪ್ರೀಂ ಸೋವಿಯತ್ (ಸಂಸತ್ತು) ಅಧ್ಯಕ್ಷರಾದದ್ದು ಮೂರನೇ ಸುತ್ತಿನಲ್ಲಿ. ಬೇಕಿದ್ದದ್ದು 531 ಮತ, ಬಿದ್ದದ್ದು 535. ನಾಲ್ಕೇ ಮತ! ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 12ರಂದು, ರಷ್ಯಾವೇ ತನ್ನ ಸಾರ್ವಭೌಮತ್ವ ಘೋಷಿಸಿತು. ಅಂಚಿನವರು ಬಿಟ್ಟುಹೋದರೆ ದೇಶ ಚಿಕ್ಕದಾಗುತ್ತದೆ, ಅಷ್ಟೆ. ಅರ್ಧಕ್ಕಿಂತ ಹೆಚ್ಚು ಜನ, ಬಹುಪಾಲು ತೈಲ ಇರುವ ಗಣರಾಜ್ಯವೇ ಕೇಂದ್ರಕ್ಕೆ ತೆರಿಗೆ ತಡೆಹಿಡಿದರೆ ಕೇಂದ್ರ ಎಂಬುದೇ ಉಳಿಯುವುದಿಲ್ಲ. ಯೆಲ್ತ್ಸಿನ್ ಸೋತರೂ ಖಜಾನೆ ತುಂಬುವುದಿಲ್ಲ, ಅದನ್ನು ಮರೆಯಬೇಡಿ. 1986ರಲ್ಲಿ ತೈಲದ ಬೆಲೆ ಕುಸಿದಿತ್ತು, ಹೊರಗಿನಿಂದ ಧಾನ್ಯ ತರಲು ಡಾಲರ್ ಬೇಕೇ ಬೇಕಿತ್ತು. 1991ರ ಜನವರಿಯಲ್ಲಿ 50 ಮತ್ತು 100 ರೂಬಲ್ ನೋಟುಗಳನ್ನು ರದ್ದು ಮಾಡಿ, ಬದಲಾಯಿಸಿಕೊಳ್ಳಲು ಮೂರೇ ದಿನ, ತಲೆಗೆ 1,000 ರೂಬಲ್ ಮಿತಿ ಕೊಟ್ಟಿದ್ದರು. 2016ರ ನವೆಂಬರ್ ಕಂಡ ನಮ್ಮ ಓದುಗರಿಗೆ ಆ ಕ್ಯೂಗಳನ್ನು ವಿವರಿಸಬೇಕಾಗಿಲ್ಲ.

ಈಗ ಒಂದಾಗುವ ಭಾಗ. ಎಲ್ಲರೂ ಧ್ವಜ, ಭಾವನೆ, ನಾಯಕ ಎನ್ನುತ್ತಾರೆ. ನೋಡಬೇಕಾದದ್ದು ನೋಟು. 1991ರ ಡಿಸೆಂಬರ್‌ನಲ್ಲಿ ದೇಶ ಮುಗಿದರೂ ರೂಬಲ್ ಮುಗಿಯಲಿಲ್ಲ. ನೋಟು ಮುದ್ರಿಸುವ ಅಧಿಕಾರ ಮಾಸ್ಕೋಗೆ ಮಾತ್ರ. ಆದರೆ ಪ್ರತಿ ಗಣರಾಜ್ಯದ ಕೇಂದ್ರ ಬ್ಯಾಂಕೂ ತನ್ನ ಕಾರ್ಖಾನೆಗಳಿಗೆ ರೂಬಲ್ ಸಾಲ ಬರೆದುಕೊಡಬಹುದಿತ್ತು. ಕೀವ್ ಸಾಲ ಕೊಟ್ಟರೆ ಲಾಭ ಉಕ್ರೇನಿನ ಕಾರ್ಖಾನೆಗೆ, ಬೆಲೆಯೇರಿಕೆ ಎಲ್ಲರಿಗೂ. ಹೀಗಿರುವಾಗ ಕೈ ಬಿಗಿ ಹಿಡಿಯುವವನೇ ದಡ್ಡ. ಎಸ್ಟೋನಿಯಾ 1992ರ ಜೂನ್‌ನಲ್ಲೇ ತನ್ನದೇ ನಾಣ್ಯ ಕ್ರೂನ್ ತಂದು ಹೊರನಡೆಯಿತು. 1993ರ ಜುಲೈ ಕೊನೆಯಲ್ಲಿ ರಷ್ಯಾ ಹಳೆಯ ನೋಟುಗಳನ್ನೆಲ್ಲ ರದ್ದು ಮಾಡಿತು.

ನಿಮ್ಮ ಕಿಟಕಿ ಇಲ್ಲಿ ತೆರೆಯುತ್ತದೆ. ಆ ಸೆಪ್ಟೆಂಬರ್‌ನಲ್ಲಿ ರಷ್ಯಾ, ಬೆಲಾರುಸ್, ಕಜಕಸ್ತಾನ, ಉಜ್ಬೇಕಿಸ್ತಾನ, ತಜಿಕಿಸ್ತಾನ, ಆರ್ಮೇನಿಯಾ 'ಹೊಸ ಮಾದರಿಯ ರೂಬಲ್ ವಲಯ'ಕ್ಕೆ ಒಪ್ಪಿದ್ದವು. ನಿಮ್ಮ ಮರುಒಕ್ಕೂಟದ ಪಟ್ಟಿ ಇದೇ. ಮುರಿದದ್ದು ಎಲ್ಲಿ? ಹೊಸ ನೋಟು ಬೇಕಿದ್ದರೆ ಚಿನ್ನವನ್ನೋ ವಿದೇಶಿ ಕರೆನ್ಸಿಯನ್ನೋ ಒತ್ತೆ ಇಡಿ ಎಂದು ಮಾಸ್ಕೋ ಪಟ್ಟು ಹಿಡಿಯಿತು. ನವೆಂಬರ್ 15ಕ್ಕೆ ಕಜಕಸ್ತಾನ ತನ್ನದೇ ನಾಣ್ಯ ಟೆಂಗೆ ಹೊರತಂದಿತು. ಕಾದಂಬರಿಯಲ್ಲಿ ಒತ್ತೆಯ ಷರತ್ತನ್ನು ತೆಗೆದು, ಅದರ ಬದಲು ಆರಕ್ಕೂ ಒಂದೇ ಕೇಂದ್ರ ಬ್ಯಾಂಕು, ಪ್ರತಿಯೊಬ್ಬರಿಗೂ ಸಾಲದ ಮಿತಿ ಎಂದಿಡಿ. ಬೆಲೆಯನ್ನೂ ತೋರಿಸಿ: ಬೇರೆಯವರ ಕೊರತೆಯನ್ನು ರಷ್ಯಾ ತುಂಬಬೇಕು. ಬೆಲೆಯೇರಿಕೆಯಲ್ಲಿ ಬೆಂದಿದ್ದ ಮಾಸ್ಕೋದಲ್ಲಿ ಅದಕ್ಕೆ ಒಪ್ಪುವ ಪಾತ್ರವೊಂದನ್ನು ಸೃಷ್ಟಿಸುವುದೇ ನಿಮ್ಮ ಕಷ್ಟದ ಕೆಲಸ. ಆ ವಾರಗಳಲ್ಲೇ, ಅಕ್ಟೋಬರ್ 4ರಂದು, ಆಗ ರಷ್ಯಾದ ಅಧ್ಯಕ್ಷರಾಗಿದ್ದ ಯೆಲ್ತ್ಸಿನ್ ಸಂಸತ್ ಭವನದ ಮೇಲೆ ಟ್ಯಾಂಕಿನಿಂದ ಗುಂಡು ಹಾರಿಸಿದ್ದರು. ಒಪ್ಪುವ ಪಾತ್ರವನ್ನು ಆ ಗದ್ದಲದೊಳಗಿಂದ ಹುಟ್ಟಿಸಬಹುದು.

ಒಂದಾಗಬೇಕೆನ್ನುವ ದನಿ ನಿಮಗೆ ಕಾರ್ಖಾನೆಗಳಲ್ಲಿ ಸಿಗುತ್ತದೆ. ನಮ್ಮ ಕಾರವಾರದ ನೌಕಾನೆಲೆಯ ಐಎನ್‌ಎಸ್ ವಿಕ್ರಮಾದಿತ್ಯವನ್ನೇ ತೆಗೆದುಕೊಳ್ಳಿ. ಕಟ್ಟಿದ್ದು ಉಕ್ರೇನಿನ ಮಿಕೊಲಾಯಿವ್‌ನಲ್ಲಿ, ಮೊದಲ ಹೆಸರು 'ಬಾಕು'. ಮುಂದೆ ಹಡಗಿಗೆ 'ಅಡ್ಮಿರಲ್ ಗೋರ್ಷ್‌ಕೋವ್' ಎಂದು ಮರುನಾಮಕರಣವಾಯಿತು, ಒಕ್ಕೂಟ ಒಡೆದಾಗ ಬಾಕು ನಗರವೂ ಪರದೇಶದ್ದಾಯಿತು. ನಮಗೆ ಮಾರಿದ್ದು ರಷ್ಯಾ, ಮರುನಿರ್ಮಾಣ ಸೆವೆರೊಡ್ವಿನ್‌ಸ್ಕ್‌ನಲ್ಲಿ. ವಾಯುಪಡೆಯ ಎಎನ್-32 ಬಂದದ್ದು ಕೀವ್‌ನಿಂದ, ಐಎಲ್-76 ತಾಷ್ಕೆಂಟಿನಿಂದ. ಎಂಜಿನ್ ಒಂದು ದೇಶ, ಹಡಗಿನ ಒಡಲು ಇನ್ನೊಂದು ದೇಶ ಎಂದಾದಾಗ ತಲೆ ಕೆಟ್ಟ ಮ್ಯಾನೇಜರ್‌ಗಳೇ ನಿಮ್ಮ ಒಕ್ಕೂಟದ ಪ್ರಚಾರಕರಾಗಲಿ.

1993 ದಾಟಿದರೆ ಏನಾಗುತ್ತದೆ ಎಂಬುದಕ್ಕೆ ಬೆಲಾರುಸ್ ಇದೆ. 1999ರ ಡಿಸೆಂಬರ್ 8ರಂದು ರಷ್ಯಾ ಜೊತೆ ಒಕ್ಕೂಟ ರಾಜ್ಯದ ಒಪ್ಪಂದವಾಯಿತು. ಭಾಷೆಯ ತೊಡಕಿಲ್ಲ, ಒಂದಾಗುವ ಮಾತು ಎರಡೂ ಕಡೆಯಿಂದ. ಆದರೂ ಒಂದೇ ನಾಣ್ಯ ಬರಲಿಲ್ಲ. ಒಬ್ಬರಿಗೊಂದು ಮತ ಎಂದರೆ ಬೆಲಾರುಸ್ ಮುಳುಗುತ್ತದೆ, ದೇಶಕ್ಕೊಂದು ಮತ ಎಂದರೆ ಒಂದು ಕೋಟಿ ಜನರ ದೇಶ ಹದಿನಾಲ್ಕು ಕೋಟಿಯ ದೇಶದ ಕೈ ಕಟ್ಟುತ್ತದೆ. 2002ರಲ್ಲಿ ಪುಟಿನ್, ನೇರವಾಗಿ ರಷ್ಯಾದೊಳಕ್ಕೇ ಸೇರಬಹುದಲ್ಲ ಎಂಬ ಆಯ್ಕೆಯನ್ನೂ ಮುಂದಿಟ್ಟರು. ಬೆಲಾರುಸ್ ಅಧ್ಯಕ್ಷ ಲುಕಾಶೆಂಕೊ ಒಪ್ಪಲಿಲ್ಲ. ಅಧ್ಯಕ್ಷನಾಗಿದ್ದವನು ಪ್ರಾಂತ್ಯದ ಗವರ್ನರ್ ಆಗಲು ಯಾಕೆ ಒಪ್ಪುತ್ತಾನೆ?

ಬಾಲ್ಟಿಕ್ ಮೂರನ್ನು ಯಾವ ಆವೃತ್ತಿಯಲ್ಲೂ ಒಳಗೆ ತರಬೇಡಿ. 2004ರಲ್ಲಿ ಅವು ನೇಟೋ ಮತ್ತು ಐರೋಪ್ಯ ಒಕ್ಕೂಟ ಎರಡನ್ನೂ ಸೇರಿದವು. ಉಕ್ರೇನನ್ನು ತರಲೇಬೇಕೆಂದಿದ್ದರೆ 1990ರ ಆ ನಾಲ್ಕು ಮತಗಳಿಂದಲೇ ಶುರು ಮಾಡಿ. ಅದಕ್ಕಿಂತ ಈಚಿನ ಕವಲುಗಳಲ್ಲಿ ಅದು ಬರುವುದಿಲ್ಲ.