ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು, ಗಂಟೆ ಎಷ್ಟು?

ಪ್ರಶ್ನೆ: ಮಗಳ ಬಾಣಂತನಕ್ಕೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ನೇರ ವಿಮಾನದಲ್ಲಿ ಹೋಗಿ ಬಂದೆ. ಸೀಟಿನ ಮುಂದಿನ ಪರದೆಯಲ್ಲಿ ನೋಡಿದರೆ ವಿಮಾನ ಅಮೆರಿಕದ ಕಡೆ ಬಿಟ್ಟು ಉತ್ತರಕ್ಕೇ ಹೋಗುತ್ತಿತ್ತು. ಸೋಮವಾರ ಮಧ್ಯಾಹ್ನ ಹೊರಟು ಸೋಮವಾರ ಸಂಜೆಯೇ ಇಳಿದೆ. ವಾಪಸ್ ಬರುವಾಗ ಮಾತ್ರ ಶನಿವಾರ ಹತ್ತಿ ಸೋಮವಾರ ಇಳಿದೆ. ನಿಜಕ್ಕೂ ಎಷ್ಟು ದೂರ, ಎಷ್ಟು ಹೊತ್ತು? – ಓದುಗರೊಬ್ಬರು, ತುಮಕೂರು

ಉತ್ತರ: ಎರಡೂ ಊರಿನ ನಡುವಿನ ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಭೂಮಿಯ ಸುತ್ತಳತೆಯೇ 40,000 ಕಿ.ಮೀ. ಅಲ್ವಾ? ಅದರ ಮೂರನೇ ಒಂದು ಪಾಲಿಗಿಂತ ಜಾಸ್ತಿ ದೂರವನ್ನು ನೀವು ಕೂತಲ್ಲೇ ಕೂತು ದಾಟಿದ್ದೀರಿ.

ಉತ್ತರಕ್ಕೆ ಹೋದದ್ದು ಸುತ್ತುಬಳಸು ದಾರಿ ಅಲ್ಲ. ಅದೇ ಹತ್ತಿರದ ದಾರಿ. ಮನೆಯಲ್ಲಿ ಗ್ಲೋಬ್ ಇದ್ದರೆ ಒಂದು ದಾರ ತನ್ನಿ. ಒಂದು ತುದಿಯನ್ನು ಬೆಂಗಳೂರಿನ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ನಿಲ್ಲುವುದೇ ಇಲ್ಲ. ಜಾರುತ್ತಾ ಜಾರುತ್ತಾ ಮೇಲಕ್ಕೆ ಹೋಗಿ, 71 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಸೈಬೀರಿಯಾದ ಕಡೆ ಕೂರುತ್ತದೆ. ಗೋಡೆಯ ನಕ್ಷೆಯಲ್ಲಿ ಸ್ಕೇಲ್ ಇಟ್ಟು ಪೂರ್ವಕ್ಕೆ ಎಳೆದ ಗೆರೆಯ ಮೇಲೇ ಹಾರಿದ್ದರೆ 16,000 ಕಿ.ಮೀ. ದಾಟುತ್ತಿತ್ತು. ಉಳಿದದ್ದು ಬೆಂಗಳೂರು–ದೆಹಲಿಗಿಂತ ಜಾಸ್ತಿ ದೂರ!

ಇನ್ನು ಹೊತ್ತು. ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ. ಲೆಕ್ಕಕ್ಕೆ ಹದಿನೈದೂವರೆ ಗಂಟೆ. ಆದರೆ ಮೇಲೆ ಗಾಳಿ ಬಹುಪಾಲು ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ದಾರಿಯುದ್ದಕ್ಕೂ ಸರಾಸರಿ 50 ಕಿ.ಮೀ. ವೇಗದ ಗಾಳಿ ಹಿಂದಿನಿಂದ ತಳ್ಳಿದರೆ ಹದಿನಾಲ್ಕೂಮುಕ್ಕಾಲು ಗಂಟೆ ಸಾಕು. ಅದೇ ಗಾಳಿ ಎದುರಾದರೆ ಹದಿನಾರೂವರೆ ಬೇಕು. ಏರುವುದು, ಇಳಿಯುವುದು, ರನ್‌ವೇಗೆ ಹೋಗಿ ಬರುವುದು ಬೇರೆ. ಅದಕ್ಕೇ ಪೈಲಟ್‌ಗಳು ದಿನದ ಗಾಳಿ ನೋಡಿ ದಾರಿ ಆರಿಸುತ್ತಾರೆ. ಏರ್ ಇಂಡಿಯಾದ ಮೊದಲ ನೇರ ವಿಮಾನ 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು, ಉತ್ತರ ಧ್ರುವದ ಮೇಲೆ ಹಾರಿ, 11ರ ಬೆಳಗಿನ ಜಾವ ಬೆಂಗಳೂರಿಗೆ ಬಂತು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಹೆಂಗಸರೇ. ನೆನೆದರೆ ಈಗಲೂ ಹೆಮ್ಮೆ ನನಗೆ.

ಹಾಗಾದರೆ ಆ ಎರಡು ದಿನ? ಅದು ಗಡಿಯಾರದ ಲೆಕ್ಕ ಅಷ್ಟೇ. ಚಳಿಗಾಲದಲ್ಲಿ ಅಲ್ಲಿನ ಸಮಯ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ಹೋಗುವಾಗ ಆ ಗಂಟೆಗಳು ನಿಮಗೆ ಸಿಕ್ಕವು, ಬರುವಾಗ ವಾಪಸ್ ಕೊಟ್ಟಿರಿ.

ಒಂದು ಮಾತು. ನೀವು ಬಿಪಿ, ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರಾದರೆ ಮುಂದಿನ ಸಲ ಹೊರಡುವ ಮೊದಲೇ ಡಾಕ್ಟರ ಹತ್ತಿರ ಕೇಳಿ, ಯಾವ ಮಾತ್ರೆ ಎಷ್ಟು ಗಂಟೆಗೊಮ್ಮೆ ಅಂತ ಬರೆಸಿಕೊಳ್ಳಿ. ಇಳಿಯುವವರೆಗೂ ಕೈಗಡಿಯಾರ ನಮ್ಮ ಸಮಯದಲ್ಲೇ ಇರಲಿ. ಮಾತ್ರೆ ಡಬ್ಬಿ ಕೈಚೀಲದಲ್ಲೇ ಇರಲಿ.