ಜಪಾನಿನ ಹಳೆ ಸ್ಕೈಲೈನ್ ಹುಬ್ಬಳ್ಳಿಗೆ ತರಿಸಬಹುದಾ?

ನಿಮ್ಮ ಪ್ರಶ್ನೆಯನ್ನು ಒಮ್ಮೆ ಹೇಳಿಬಿಡುತ್ತೇನೆ, ಬೇರೆ ಓದುಗರಿಗೂ ತಿಳಿಯಲಿ. ನೀವು ಹಾವೇರಿಯವರು, ಕೆಲಸ ಹುಬ್ಬಳ್ಳಿಯಲ್ಲಿ. 1990ರ ದಶಕದ ನಿಸಾನ್ ಸ್ಕೈಲೈನ್ ಜಿಟಿ-ಆರ್ ಇಲ್ಲವೇ ಟೊಯೊಟಾ ಸುಪ್ರಾ ಕಾರೊಂದನ್ನು ಜಪಾನಿನ ಹರಾಜಿನಲ್ಲಿ ಕೊಂಡು, ಇಲ್ಲಿಗೆ ತರಿಸಿ, ಕೆಎ-27 ನಂಬರ್ ಹಾಕಿಸಿ ಓಡಿಸಬಹುದಾ, ಆಮೇಲೆ ಅದನ್ನು ನೋಡಿಕೊಳ್ಳುವವರು ನಮ್ಮ ಕಡೆ ಸಿಗುತ್ತಾರಾ ಎಂದು ಕೇಳಿದ್ದೀರಿ.

ತರಿಸಲು ಆಗುವುದಿಲ್ಲ. ನೋಡಿಕೊಳ್ಳುವವರು ಖಂಡಿತ ಸಿಗುತ್ತಾರೆ. ಎರಡನ್ನೂ ಬಿಡಿಸಿ ಹೇಳುತ್ತೇನೆ.

ನಮ್ಮ ಆಮದು ನೀತಿಯ ಪ್ರಕಾರ ಹೊರದೇಶದಿಂದ ಬರುವ ಸೆಕೆಂಡ್ ಹ್ಯಾಂಡ್ ಕಾರು ತಯಾರಾಗಿ 3 ವರ್ಷ ದಾಟಿರಬಾರದು. ಸ್ಟೇರಿಂಗ್ ಬಲಗಡೆ ಇರಬೇಕು, ಸ್ಪೀಡೋಮೀಟರ್ ಕಿಲೋಮೀಟರ್ ಲೆಕ್ಕ ತೋರಿಸಬೇಕು, ಗಾಡಿ ಮುಂಬೈ ಬಂದರಿನಲ್ಲೇ ಇಳಿಯಬೇಕು, ಇನ್ನೂ 5 ವರ್ಷ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ ಜೊತೆಗಿರಬೇಕು. ಜಪಾನಿನಲ್ಲೂ ಗಾಡಿ ಓಡುವುದು ಎಡಗಡೆಯೇ, ಹಾಗಾಗಿ ಸ್ಟೇರಿಂಗ್ ವಿಷಯದಲ್ಲಿ ತಕರಾರಿಲ್ಲ. ತಕರಾರು ವಯಸ್ಸಿನದು. ಸ್ಕೈಲೈನ್‌ನ ಆರ್32 ಪೀಳಿಗೆಯ ಜಿಟಿ-ಆರ್ ತಯಾರಾದದ್ದು 1989ರಿಂದ 1994ರವರೆಗೆ. ಎ80 ಪೀಳಿಗೆಯ ಸುಪ್ರಾ 1993ರಿಂದ 2002ರವರೆಗೆ. ಮೂರು ವರ್ಷದ ಗೆರೆ ಇವು ದಾಟಿ ಎಷ್ಟೋ ಕಾಲವಾಯಿತು. ಹೊಸ ಗಾಡಿಯೇ ಆಗಿದ್ದರೂ ಸುಂಕ ಮತ್ತು ಜಿಎಸ್‌ಟಿ ಸೇರಿ ಬೆಲೆ ದುಪ್ಪಟ್ಟಾಗುವ ಮಾತು ಬೇರೆ.

ನಿಮಗೆ ಈ ಆಸೆ ಹುಟ್ಟಿದ್ದು ಅಮೆರಿಕದವರ ವಿಡಿಯೋ ನೋಡಿ ಎಂದು ನನ್ನ ಊಹೆ. ಅಲ್ಲಿ 25 ವರ್ಷ ತುಂಬಿದ ಗಾಡಿಗೆ ಸುರಕ್ಷತಾ ನಿಯಮಗಳಿಂದ ವಿನಾಯಿತಿ ಇದೆ. 1999ರಲ್ಲಿ ಬಂದ ಆರ್34 ಜಿಟಿ-ಆರ್ ಅವರಿಗೆ 2024ರಿಂದ ಮುಕ್ತವಾಯಿತು. ಅಲ್ಲಿ ಗಾಡಿ ಹಳತಾದಷ್ಟೂ ಬಾಗಿಲು ತೆರೆಯುತ್ತದೆ, ಇಲ್ಲಿ ಮುಚ್ಚುತ್ತದೆ. ಅಮೆರಿಕದವರು ಕೊಳ್ಳಲು ಶುರುಮಾಡಿದ ಮೇಲೆ ಜಪಾನಿನಲ್ಲೇ ಆ ಗಾಡಿಗಳ ಬೆಲೆ ಎಲ್ಲಿಗೋ ಹೋಗಿದೆ, ಅಗ್ಗಕ್ಕೆ ಸಿಗುತ್ತವೆ ಎನ್ನುವುದು ಹಳೆಯ ಮಾತು.

ಹಾಗಾದರೆ ನಮ್ಮಲ್ಲಿ ಅಲ್ಲಲ್ಲಿ ಕಾಣುವ ಸ್ಕೈಲೈನ್, ಸುಪ್ರಾ ಹೇಗೆ ಬಂದವು ಎಂದು ಕೇಳಬಹುದು. ಕೆಲವು ‘ಕಾರ್ನೆಟ್’ ಮೇಲೆ ಬಂದವು, ಅಂದರೆ ಮಾಲೀಕ ತಾತ್ಕಾಲಿಕವಾಗಿ ತಂದು, ಆರು ತಿಂಗಳೊಳಗೆ ಹೊರಗೆ ಒಯ್ಯಬೇಕಾದ ವ್ಯವಸ್ಥೆ. ಇನ್ನು ಕೆಲವು ಕಳ್ಳದಾರಿಯವು. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್‌ನವರು ‘ಆಪರೇಷನ್ ನುಮ್ಖೋರ್’ ಎಂದು ಹೆಸರಿಟ್ಟು ದಾಳಿ ಮಾಡಿದ್ದು ನೆನಪಿರಬಹುದು. ಭೂತಾನಿನಿಂದ ನುಸುಳಿಸಿ, ಖೊಟ್ಟಿ ಕಾಗದದ ಮೇಲೆ ಬೇರೆ ರಾಜ್ಯಗಳಲ್ಲಿ ರಿಜಿಸ್ಟರ್ ಮಾಡಿಸಿದ ಗಾಡಿಗಳು ಅವು. ಕೊಂಡವನಿಗೆ ಗಾಡಿಯೂ ಹೋಯಿತು, ದುಡ್ಡೂ ಹೋಯಿತು, ಮೇಲೆ ಕೇಸು. ಯಾರಾದರೂ ನಿಮಗೆ ‘ಕಾಗದ ಎಲ್ಲಾ ನಾ ಮಾಡಿಸಿ ಕೊಡ್ತೀನ್ರಿ’ ಎಂದರೆ ಅಲ್ಲಿಂದ ಎದ್ದು ಬನ್ನಿ.

ಮೂರನೆಯ ದಾರಿ ಎಂದು ಹೇಳುವವರು ‘ಹಾಫ್-ಕಟ್’ ತೋರಿಸುತ್ತಾರೆ. ಜಪಾನಿನಲ್ಲಿ ಕತ್ತರಿಸಿದ ಗಾಡಿಯ ಮುಂಭಾಗ ಬಿಡಿಭಾಗವೆಂದು ಇಳಿಯುತ್ತದೆ, ಅದರ ಇಂಜಿನ್ ಬಿಚ್ಚಿ ಇಲ್ಲಿನ ಕಾರಿಗೆ ಕೂರಿಸುತ್ತಾರೆ. ಕೆಲಸ ಚೆನ್ನಾಗಿ ಬಲ್ಲವರಿದ್ದಾರೆ, ನಾನು ಅವರ ಕೈಚಳಕವನ್ನು ಮೆಚ್ಚುತ್ತೇನೆ. ಆದರೆ ಇಂಜಿನ್ ಬದಲಿಸಲು ಆರ್‌ಟಿಒ ಅನುಮತಿ ಬೇಕು, ಆರ್‌ಸಿಯಲ್ಲಿ ನಮೂದಾಗಬೇಕು. ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ನಂಬರ್ ತಾಳೆಯಾಗದ ಇಂಜಿನ್ ಇಟ್ಟುಕೊಂಡು ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತಲು ಕಾರಣ ಹುಡುಕಬೇಕಾಗಿಯೇ ಇಲ್ಲ.

ಕಾನೂನಿನ ಒಳಗೇ ಹಳೆ ಗಾಡಿ ತರಿಸುವ ಒಂದು ದಾರಿ ಇದೆ, 50 ವರ್ಷ ದಾಟಿದ ವಿಂಟೇಜ್‌ಗೆ. 1970ರ ದಶಕದ ಆರಂಭದ ಡಾಟ್ಸನ್ 240ಝಡ್ ಈ ಲೆಕ್ಕಕ್ಕೆ ಬರುತ್ತದೆ, ಮೊಟ್ಟಮೊದಲ ಸ್ಕೈಲೈನ್ ಜಿಟಿ-ಆರ್ ಕೂಡ. 2021ರ ನಿಯಮದಂತೆ ಅದಕ್ಕೆ ‘ವಿಎ’ ಅಕ್ಷರಗಳಿರುವ ಬೇರೆ ನಂಬರ್ ಪ್ಲೇಟು, 20,000 ರೂಪಾಯಿ ನೋಂದಣಿ ಶುಲ್ಕ, 10 ವರ್ಷ ಮಾನ್ಯತೆ. ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಇಷ್ಟಕ್ಕೆ ಮಾತ್ರ. ಅದು ಶ್ರೀಮಂತರ ಹವ್ಯಾಸ. ನೀವು ಕೇಳಿದ್ದು ಓಡಿಸುವ ಗಾಡಿ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಜಪಾನಿನವರ ಒಳ್ಳೊಳ್ಳೆ ಇಂಜಿನ್‌ಗಳು ಕಾನೂನುಬದ್ಧವಾಗಿಯೇ ನಮ್ಮ ದೇಶಕ್ಕೆ ಬಂದಿವೆ, ನಮ್ಮ ಕಣ್ಣೆದುರೇ ಗುಜರಿಗೆ ಹೋಗುತ್ತಿವೆ. ಹಿಂದೂಸ್ತಾನ್ ಮೋಟರ್ಸ್ 1998ರಿಂದ ತಮಿಳುನಾಡಿನ ತಿರುವಳ್ಳೂರಿನಲ್ಲಿ ಮಿತ್ಸುಬಿಷಿ ಲ್ಯಾನ್ಸರ್ ಮಾಡಿತು, ನಂತರ ಬಂದ ಸೀಡಿಯಾ ನಮ್ಮ ರ್‍ಯಾಲಿಗಳಲ್ಲಿ ವರ್ಷಗಟ್ಟಲೆ ಮೆರೆಯಿತು. ಮಾರುತಿಯ ಹಳೆ ಬಲೆನೋದಲ್ಲಿ 1.6 ಲೀಟರಿನ ಚುರುಕು ಇಂಜಿನ್ ಇತ್ತು. ಷೆವ್ರೊಲೆ ಹೆಸರಿನಲ್ಲಿ ಮಾರಿದ ಫಾರೆಸ್ಟರ್ ಅಸಲಿಗೆ ಸುಬಾರು, ಸಿಲಿಂಡರ್‌ಗಳು ಎದುರುಬದುರು ಮಲಗಿರುವ ಬಾಕ್ಸರ್ ಇಂಜಿನ್, ನಾಲ್ಕೂ ಚಕ್ರಕ್ಕೆ ಡ್ರೈವ್. 2010ರಲ್ಲಿ ಲ್ಯಾನ್ಸರ್ ಎವೊ 10 ಮತ್ತು ನಿಸಾನ್ 370ಝಡ್ ಅಧಿಕೃತವಾಗಿಯೇ ಬಂದವು. ಕೈಯಲ್ಲಿ ದೊಡ್ಡ ಗಂಟಿದ್ದರೆ ಅವನ್ನು ಹುಡುಕಿ. ಆದರೆ ಹೊರದೇಶದ ಗಾಡಿಯ ಎಫ್‌ಸಿ (ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಮತ್ತು ನೋಂದಣಿ ನವೀಕರಣದ ಖರ್ಚನ್ನೂ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. 20 ವರ್ಷ ದಾಟಿದ ಸಾಮಾನ್ಯ ಕಾರಿನ ನವೀಕರಣ ಶುಲ್ಕ 2025ರ ಆಗಸ್ಟಿನಿಂದ 10,000 ರೂಪಾಯಿ, ಆಮದು ಕಾರಿಗೆ 80,000.

ನನ್ನ ಬಳಿ ಇರುವುದು ಭಾರತಕ್ಕೆ ಬಂದ ಮೊದಲ ಪೀಳಿಗೆಯ ಹೋಂಡಾ ಸಿಟಿ 1.5 ವಿಟೆಕ್, ಧಾರವಾಡದ ಕೆಎ-25 ಗಾಡಿ. ವಿಟೆಕ್ ಎಂದರೆ ಇಂಜಿನ್ ಜೋರಾಗಿ ತಿರುಗುವಾಗ ವಾಲ್ವ್‌ಗಳು ಹೆಚ್ಚು ತೆರೆಯುವಂತೆ ಮಾಡುವ ಹೋಂಡಾದ ವ್ಯವಸ್ಥೆ. 106 ಬಿಎಚ್‌ಪಿ ಎಂದರೆ ಇವತ್ತಿನ ಮಕ್ಕಳಿಗೆ ಏನೂ ಅನ್ನಿಸಲಿಕ್ಕಿಲ್ಲ, ಆದರೆ ಗಾಡಿ ಹಗುರ. ಕಲಘಟಗಿ, ಯಲ್ಲಾಪುರ ದಾಟಿ ಘಟ್ಟ ಇಳಿದು, ವಾಪಸು ಬರುತ್ತ ಅರಬೈಲ್ ಘಾಟಿನಲ್ಲಿ ಎರಡನೇ ಗೇರಿನಲ್ಲಿ ಏರುವಾಗ ಇಂಜಿನ್ನಿನ ದನಿ ಬದಲಾಗುವ ಆ ಒಂದು ಕ್ಷಣಕ್ಕೆ ನಾನು ಯಾವ ಸ್ಕೈಲೈನನ್ನೂ ಬದಲಿಗೆ ಕೇಳುವುದಿಲ್ಲ. ಈ ಸಿಟಿಯನ್ನು ಜಪಾನಿನಲ್ಲಿ ಮಾರಲಿಲ್ಲ, ಏಷ್ಯಾದ ಮಾರುಕಟ್ಟೆಗೆಂದೇ ಮಾಡಿದ್ದು. ಆದರೆ ಅಡಿಪಾಯ 1987ರ ಸಿವಿಕ್‌ನದು, ಇಂಜಿನ್ ಅದೇ ಡಿ-ಸರಣಿಯದು. ಹಾಗಾಗಿ ಥಾಯ್ಲೆಂಡ್, ಮಲೇಷ್ಯಾದಲ್ಲಿ ಇದರ ಎಷ್ಟೋ ಸಾಮಾನು ಇನ್ನೂ ಸಿಗುತ್ತದೆ.

ಸಾಮಾನು ಹುಡುಕುವಾಗ ಹೆಸರಿನಿಂದ ಹುಡುಕಬೇಡಿ, ಪಾರ್ಟ್ ನಂಬರಿನಿಂದ ಹುಡುಕಿ. ಹೋಂಡಾ ನಂಬರಿನಲ್ಲಿ ಮೂರು ತುಂಡು ಇರುತ್ತವೆ. ಮೊದಲ ಐದು ಅಂಕಿ ಅದು ಯಾವ ಸಾಮಾನು ಎಂದು ಹೇಳುತ್ತವೆ, ನಡುವಿನ ಮೂರು ಅಕ್ಷರ ಅದು ಮೊದಲು ಯಾವ ಮಾದರಿಗಾಗಿ ಬಂತು ಎಂದು. ಆ ನಡುವಿನ ತುಂಡು ಸಿವಿಕ್‌ನದಾಗಿದ್ದರೆ, ಸಿಟಿಯ ಸಾಮಾನು ಮುಗಿದಿದೆ ಎಂದು ಅಂಗಡಿಯವರು ಕೈ ಚೆಲ್ಲಿದರೂ ನಿಮಗೆ ಇನ್ನೊಂದು ದಾರಿ ಇರುತ್ತದೆ. ಬೆಂಗಳೂರಿನ ಜೆ.ಸಿ. ರೋಡ್, ಮುಂಬೈಯ ಕುರ್ಲಾ ಗುಜರಿ ಇವೆರಡರಲ್ಲಿ ಒಂದೊಂದು ಅಂಗಡಿಯವರ ಪರಿಚಯ ಬೆಳೆಸಿಕೊಳ್ಳಿ. ಫೋಟೋ ಕಳಿಸಿದರೆ ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ಹುಬ್ಬಳ್ಳಿಗೆ ಬರುತ್ತದೆ.

ನೋಡಿಕೊಳ್ಳುವವರ ಬಗ್ಗೆ ಕೇಳಿದಿರಿ. ಕಂಪ್ಯೂಟರ್ ಚುಚ್ಚಿ ಕೋಡ್ ಓದಿದರೆ ಮಾತ್ರ ರೋಗ ಗೊತ್ತಾಗುವ ಹುಡುಗರ ಹತ್ತಿರ ಇಂಥ ಗಾಡಿ ಒಯ್ಯಬೇಡಿ. ಇಂಜಿನ್ ಬಿಚ್ಚಿ ಕಟ್ಟಿದ ಹಳೆ ಮಿಸ್ತ್ರಿ ಬೇಕು. ನನ್ನ ಗಾಡಿ ನೋಡುವ ಚಾಚಾ ಗೋಕುಲ ರೋಡಿನ ಕಡೆಯವರು, ಟ್ರ್ಯಾಕ್ಟರ್ ಇಂಜಿನ್‌ಗಳ ಮೇಲೆ ಕೈ ಪಳಗಿಸಿಕೊಂಡವರು. ಹೆಡ್ ಲೆವಲ್ ಮಾಡುವ ಲೇತ್, ಬೋರಿಂಗ್ ಎಲ್ಲ ಅವರಿಗೆ ಅಲ್ಲೇ ಹತ್ತಿರದಲ್ಲಿದೆ. ಅವರು ಮೊದಲ ದಿನವೇ ನನಗೆ ಹೇಳಿದ್ದು: ‘ತಮ್ಮಾ, ಕಬ್ಬಿಣ ಎಲ್ಲಿ ಹೋಗಂಗಿಲ್ಲ. ಮೊದಲ ಸಾಯೂದು ರಬ್ಬರ್.’

ಅದು ಅಕ್ಷರಶಃ ನಿಜ. ಗಾಡಿ ಕೊಂಡ ಮೇಲೆ ಮೊದಲ ದುಡ್ಡು ಹೋಗಬೇಕಾದದ್ದು ಅಲಾಯ್ ವೀಲಿಗಲ್ಲ, ರಬ್ಬರಿಗೆ. ಟೈಮಿಂಗ್ ಬೆಲ್ಟ್ (ಪಿಸ್ಟನ್ ಮತ್ತು ವಾಲ್ವ್‌ಗಳ ಲಯ ಕೂಡಿಸುವ ರಬ್ಬರ್ ಪಟ್ಟಿ) ಯಾವಾಗ ಬದಲಿಸಿದ್ದು ಎಂಬುದಕ್ಕೆ ರಸೀದಿ ಇಲ್ಲದಿದ್ದರೆ ಬದಲಿಸೇ ಇಲ್ಲ ಎಂದು ತಿಳಿಯಿರಿ. ನನ್ನ ಸಿಟಿಯಲ್ಲಿರುವಂಥ ಇಂಜಿನ್ನಿನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ, ಹೆಡ್ ಬಿಚ್ಚಬೇಕಾಗುತ್ತದೆ. ಬೆಲ್ಟಿನ ಜೊತೆಗೇ ವಾಟರ್ ಪಂಪ್, ಟೆನ್ಷನರ್, ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲು ಎಲ್ಲ ಮುಗಿಸಿಬಿಡಿ, ಬಿಚ್ಚುವ ಕೂಲಿ ಒಂದೇ. ಮಿಸ್ತ್ರಿಗೆ ಒಂದು ಮಾತು ಮೊದಲೇ ಹೇಳಿ: ಹೋಂಡಾ ಡಿ-ಸರಣಿ ಇಂಜಿನ್ ಬೇರೆಯವುಗಳ ಹಾಗೆ ತಿರುಗುವುದಿಲ್ಲ, ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಉಲ್ಟಾ. ಟೈಮಿಂಗ್ ಕೂಡಿಸುವಾಗ ರೂಢಿಯ ಮೇಲೆ ಬಲಕ್ಕೆ ತಿರುಗಿಸಿದರೆ ಬೆಲ್ಟ್ ಸಡಿಲಾಗಿ ಹಲ್ಲು ತಪ್ಪುತ್ತದೆ.

ಈ ಹಳೆ ಹೋಂಡಾಗಳಿಗೆ ಬೇಸಿಗೆಯಲ್ಲಿ ಬರುವ ಒಂದು ಕಾಯಿಲೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದರಿಂದಾಗಿ ಎಷ್ಟೋ ಜನ ಒಳ್ಳೆಯ ಗಾಡಿಯನ್ನು ಮಾರಿಬಿಟ್ಟಿದ್ದಾರೆ. ಏಪ್ರಿಲ್ ಮಧ್ಯಾಹ್ನ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿ ಬಂದು ಕೀ ತಿರುಗಿಸುತ್ತೀರಿ. ಸ್ಟಾರ್ಟರ್ ಸುತ್ತುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಗಾಜು ಇಳಿಸಿ ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಶುರುವಾಗುತ್ತದೆ. ಗ್ಯಾರೇಜಿನವರು ಪೆಟ್ರೋಲ್ ಪಂಪ್ ಬದಲಿಸುತ್ತಾರೆ, ಡಿಸ್ಟ್ರಿಬ್ಯೂಟರ್ ಬದಲಿಸುತ್ತಾರೆ, ರೋಗ ಹಾಗೇ ಉಳಿಯುತ್ತದೆ. ಕಾರಣ ಡ್ಯಾಶ್‌ಬೋರ್ಡಿನ ಕೆಳಗಿರುವ ಮೇನ್ ರಿಲೇ, ಅಂದರೆ ಪೆಟ್ರೋಲ್ ಪಂಪಿಗೆ ಕರೆಂಟು ಬಿಡುವ ಸ್ವಿಚ್ಚಿನ ಡಬ್ಬಿ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ಪಂಪಿನ ಗುಂಯ್ ಸದ್ದು ಕೇಳಬೇಕು. ಕೇಳದಿದ್ದರೆ ಆ ಪುಟ್ಟ ಡಬ್ಬಿ ಬಿಚ್ಚಿ, ಒಳಗಿನ ಸರ್ಕ್ಯೂಟ್ ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿ. ದಪ್ಪ ಪಿನ್ನುಗಳ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಉಂಗುರದಂಥ ಬಿರುಕು ಕಾಣುತ್ತದೆ. ಶಾಖಕ್ಕೆ ಅದು ಅಗಲವಾಗುತ್ತದೆ, ತಂಪಾದಾಗ ಕೂಡುತ್ತದೆ. ಹಳೆ ಬೆಸುಗೆ ತೆಗೆದು ಹೊಸದು ಹಾಕಿದರೆ ಮುಗಿಯಿತು. ಟಿವಿ ರಿಪೇರಿಯವರು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಟ್ಯಾಪೆಟ್ ಸದ್ದು, ಅಂದರೆ ವಾಲ್ವಿನ ಮೇಲಿನ ಟಕಟಕ, ಬಂದರೂ ಗಾಬರಿಯಾಗಬೇಡಿ. ಈ ಇಂಜಿನ್ನಿನಲ್ಲಿ ತಾನಾಗಿ ಸರಿಹೋಗುವ ಹೈಡ್ರಾಲಿಕ್ ಲಿಫ್ಟರ್ ಇಲ್ಲ, ಸ್ಕ್ರೂ ಮತ್ತು ಲಾಕ್‌ನಟ್ ಇದೆ. ರಾತ್ರಿಯೆಲ್ಲ ತಣ್ಣಗಾದ ಇಂಜಿನ್ನಿನ ಮೇಲೆ ಬೆಳಿಗ್ಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಇಟ್ಟು ಇನ್‌ಟೇಕ್ ವಾಲ್ವಿಗೆ 0.20, ಎಕ್ಸಾಸ್ಟ್ ವಾಲ್ವಿಗೆ 0.25 ಮಿಲಿಮೀಟರ್ ಸಂದು ಕೂಡಿಸಬೇಕು. ಗೇಜ್ ಎಳೆದಾಗ ಬೆರಳಿಗೆ ಸಣ್ಣ ತಡೆ ಸಿಗಬೇಕು. ಬಿಸಿ ಇಂಜಿನ್ನಿನ ಮೇಲೆ ‘ಅಂದಾಜಿನ ಮ್ಯಾಲೆ ಮಾಡ್ತೀನಿ’ ಎನ್ನುವವರಿಗೆ ಕೊಡಬೇಡಿ. ವಿಟೆಕ್ ನಡೆಯುವುದೇ ಆಯಿಲ್ ಒತ್ತಡದ ಮೇಲೆ, ಆದ್ದರಿಂದ ಆಯಿಲನ್ನು 5,000 ಕಿಲೋಮೀಟರಿಗೇ ಬದಲಿಸಿ. ವಿಟೆಕ್‌ಗೆ ಆಯಿಲ್ ಬಿಡುವ ವಿದ್ಯುತ್ ಕವಾಟದ (ಸೊಲೆನಾಯ್ಡ್) ಗ್ಯಾಸ್ಕೆಟ್ಟಿನಲ್ಲಿ ಒಂದು ಸಣ್ಣ ಜಾಲರಿ ಇರುತ್ತದೆ. ಅದರಲ್ಲಿ ಕಸ ಕಟ್ಟಿದರೆ ಗಾಡಿಗೆ ಮೇಲಿನ ಜೋರು ಸಿಗುವುದೇ ಇಲ್ಲ.

ರೇಡಿಯೇಟರಿಗೆ ಬೋರ್ ನೀರು ಹಾಕಿಸಬೇಡಿ, ಅದರಲ್ಲೂ ಗದಗದ ಕಡೆ ಹೋದಾಗ. ಆ ಸವಳು ನೀರು ಒಳಗೆ ಪದರು ಕಟ್ಟುತ್ತದೆ. ಕೂಲಂಟ್ ಡಬ್ಬಿ ಡಿಕ್ಕಿಯಲ್ಲೇ ಇರಲಿ. ಧಾರವಾಡದ ಮಳೆಗಾಲಕ್ಕೆ ಮುಂಚೆ ಸ್ಟೆಪ್ನಿಯ ಗುಂಡಿ, ಕಾರ್ಪೆಟ್ಟಿನ ಅಡಿ, ಹಿಂದಿನ ಚಕ್ರದ ಕಮಾನು ನೋಡಿಸಿ. ತುಕ್ಕು ಹಿಡಿಯುವುದು ಅಲ್ಲಿಂದಲೇ.

ಪೆಟ್ರೋಲಿನ ಮಾತು ಈಗ ಹೊಸದು. ಬಂಕುಗಳಲ್ಲಿ ಈಗ 20 ಪ್ರತಿಶತ ಎಥೆನಾಲ್ ಬೆರೆತದ್ದೇ ಬರುತ್ತಿದೆ, 2001ರ ಗಾಡಿಯ ಪೈಪುಗಳು ಅದಕ್ಕಾಗಿ ಮಾಡಿದವಲ್ಲ. ಮೈಲೇಜ್ ಇಳಿಯುವುದನ್ನು ತಾಳಿಕೊಳ್ಳಬಹುದು, ಬಾನೆಟ್ಟಿನ ಅಡಿ ಪೆಟ್ರೋಲ್ ಸೋರುವುದನ್ನು ತಾಳಿಕೊಳ್ಳಲಾಗದು. ಫ್ಯೂಯೆಲ್ ಹೋಸ್‌ಗಳನ್ನೆಲ್ಲ ಎಸ್‌ಎಇ 30ಆರ್9 ಎಂದು ಮೈಮೇಲೆ ಅಚ್ಚಾದ ಪೈಪಿಗೆ ಬದಲಿಸಿ, ಇಂಜೆಕ್ಟರ್ ಓ-ರಿಂಗ್ ಕೂಡ. ಗಾಡಿಯನ್ನು ತಿಂಗಳುಗಟ್ಟಲೆ ಟ್ಯಾಂಕ್ ಅರ್ಧ ಮಾಡಿ ನಿಲ್ಲಿಸಬೇಡಿ, ಎಥೆನಾಲ್ ಗಾಳಿಯ ತೇವ ಹೀರುತ್ತದೆ.

ಕೊಳ್ಳುವ ಮುಂಚೆ ಸರ್ಕಾರದ ವಾಹನ್ ಜಾಲತಾಣದಲ್ಲಿ ಆರ್‌ಸಿ ತೆರೆದು ಎಫ್‌ಸಿ ಯಾವಾಗಿನವರೆಗೆ ಇದೆ, ಸಾಲ ತೀರಿದೆಯಾ ನೋಡಿ, ಚಾಸಿ ನಂಬರನ್ನು ಬಾನೆಟ್ ಎತ್ತಿ ನೀವೇ ತಾಳೆ ಮಾಡಿ. ದಿಲ್ಲಿಯಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಇರುವುದರಿಂದ ಅಲ್ಲಿಯವು ಅಗ್ಗಕ್ಕೆ ಕಾಣುತ್ತವೆ. ಎನ್ಒಸಿ ಕೈಗೆ ಬಾರದೆ, ಇಲ್ಲಿನ ಲೈಫ್ ಟ್ಯಾಕ್ಸ್ ಎಷ್ಟಾಗುತ್ತದೆಂದು ಆರ್‌ಟಿಒದಲ್ಲಿ ಕೇಳದೆ ಮುಂಗಡ ಕೊಡಬೇಡಿ. ಇನ್ಶೂರೆನ್ಸ್ ಮಾಡಿಸುವಾಗ ಏಜೆಂಟರು ಥರ್ಡ್ ಪಾರ್ಟಿ ಸಾಕು ಎನ್ನುತ್ತಾರೆ, ಆದರೆ ಅದರಲ್ಲಿ ನಿಮ್ಮ ಗಾಡಿಗಾದ ಹಾನಿಗೆ ಏನೂ ಸಿಗುವುದಿಲ್ಲ. 5 ವರ್ಷ ಮೀರಿದ ಗಾಡಿಯ ಐಡಿವಿ (ಇನ್ಶೂರೆನ್ಸ್‌ಗೆ ಗೊತ್ತುಮಾಡುವ ಗಾಡಿಯ ಬೆಲೆ) ಎಷ್ಟೆಂಬುದು ಕಂಪನಿ ಮತ್ತು ಮಾಲೀಕ ಕೂತು ಒಪ್ಪಿಕೊಳ್ಳುವ ವಿಷಯ. ಮಾಡಿಸಿದ ಕೆಲಸದ ರಸೀದಿಗಳು, ನಾಲ್ಕೂ ಬದಿಯ ಫೋಟೋ, ಬಾನೆಟ್ ಎತ್ತಿ ತೆಗೆದ ಇಂಜಿನ್ನಿನ ಫೋಟೋ ಒಂದು ಫೈಲು ಮಾಡಿ ಏಜೆಂಟರ ಮೂಲಕವಲ್ಲದೆ ನೇರ ಶಾಖೆಗೆ ಒಯ್ದು ಮಾತಾಡಿ, ಒಪ್ಪಿದ ಮೊತ್ತ ಪಾಲಿಸಿಯ ಮೇಲೆ ಅಚ್ಚಾಗಿದೆಯೇ ಎಂದು ನೋಡಿಕೊಂಡೇ ಹಣ ಕಟ್ಟಿ.